ಅಮ್ಮನ ಜೊತೆ ನೋಡಿದ ಸಿನಿಮಾ, ಸೀರೀಸ್: ನನಗೆ ಅನಿಸಿದ್ದು ಹೇಳಿದ್ದೇನೆ, ನಿಮ್ಮದೂ ಹೇಳಿ

ಸಾಗರದ ಮಗಳು
ಎಲ್ಲರಿಗೂ ನಮಸ್ಕಾರ. ಅಮ್ಮ ಊರಿಂದ ಬಂದು ನನ್ನ ಜೊತೆ ಬೆಂಗಳೂರಿನಲ್ಲಿ ಇರಲು ಶುರು ಮಾಡಿದ ಮೇಲೆ ಭಾನುವಾರಕ್ಕೊಂದು ಸಿನಿಮಾ ಅಂತ ಮಾಡಿಕೊಂಡಿದ್ದೇವೆ. ಕೆಲವು ಥಿಯೇಟರಿನಲ್ಲಿ, ಜಾಸ್ತಿ ಮನೆಯ ಟಿವಿಯಲ್ಲಿ. ನೋಡಿದ್ದರ ಬಗ್ಗೆ ಮುಚ್ಚುಮರೆ ಇಲ್ಲದೆ ಬರೆಯುತ್ತೇನೆ. ಒಪ್ಪದಿದ್ದರೆ ಜಗಳ ಆಡಿ, ಪರವಾಗಿಲ್ಲ.

ಸು ಫ್ರಮ್ ಸೋ: ಎರಡು ಸಲ ಥಿಯೇಟರಿನಲ್ಲೇ ನೋಡಿದೆವು. ಇದರಲ್ಲಿ ಒಬ್ಬರೂ ಸುಮ್ನೆ ನಿಂತಿಲ್ಲ. ಹಿಂದೆ ಗುಂಪಿನಲ್ಲಿ ನಿಂತವನಿಗೂ ಒಂದು ಗುಣ ಇದೆ, ಒಂದು ಚಟ ಇದೆ. ರವಿಯಣ್ಣ ಮಾತಾಡುವಾಗ ಸುತ್ತ ಇರುವವರ ಮುಖ ನೋಡಿ, ಅರ್ಧ ಕಥೆ ಅಲ್ಲೇ ಇದೆ. ಅಮ್ಮ ಇಂಟರ್ವಲ್‌ನಲ್ಲಿ ಹೇಳಿದ್ದು: "ಇವರೆಲ್ಲ ನಮ್ಮ ಕೇರಿಯವರೇ ಕಣೆ."

ಕಾಂತಾರ ಚಾಪ್ಟರ್ 1: ಕಣ್ಣಿಗೆ ಹಬ್ಬ. ರಥದ ದೃಶ್ಯ ಮರೆಯೋಕಾಗಲ್ಲ. ಆದರೆ ಮನಸ್ಸಿಗೆ 2022ರ ಕಾಂತಾರವೇ ಹತ್ತಿರ. ಅದರಲ್ಲಿ ಊರು ಇತ್ತು, ಕೆಸರು ಇತ್ತು, ಹಂದಿ ಬೇಟೆ ಮುಗಿಸಿ ಬಂದು ಒಟ್ಟಿಗೆ ಕೂತು ಉಣ್ಣುವ ಜನ ಇದ್ದರು. ಇದರಲ್ಲಿ ಎಲ್ಲ ದೊಡ್ಡದು, ಎಲ್ಲ ಜೋರು. ಅಮ್ಮ ಕೊನೆಯ ಅರ್ಧ ಗಂಟೆ ಸೆರಗಿನಿಂದ ಕಿವಿ ಮುಚ್ಚಿಕೊಂಡು ನೋಡಿದಳು.

ಸಪ್ತ ಸಾಗರದಾಚೆ ಎಲ್ಲೋ: ಸೈಡ್ ಎ ತುಂಬಾ ಇಷ್ಟ. ಸೈಡ್ ಬಿ ಇಷ್ಟ ಆಗಲಿಲ್ಲ. ಗಂಡ, ಮಗು ಇರುವ ಹೆಂಗಸಿನ ಹಿಂದೆ ಅವಳಿಗೆ ಗೊತ್ತಿಲ್ಲದ ಹಾಗೆ ಸುತ್ತುವುದನ್ನು ಪ್ರೀತಿ ಅಂತ ತೋರಿಸಿದ್ದು ನನಗೆ ಸರಿ ಕಾಣಲಿಲ್ಲ.

ಅಯ್ಯನ ಮನೆ ಸೀರೀಸ್: ಒಂದೇ ದಿನ ನೋಡಿ ಮುಗಿಸಿದೆವು. ಕಂತುಗಳು ಚಿಕ್ಕವು, ಎಳೆದಿಲ್ಲ. ಮನೆ, ಮಳೆ, ಕತ್ತಲೆ ಎಲ್ಲ ಚೆನ್ನಾಗಿದೆ. ಕೊನೆಯನ್ನು ಮಾತ್ರ ಗಡಿಬಿಡಿಯಲ್ಲಿ ಮುಗಿಸಿದರು ಅನಿಸಿತು.

ಈಗ ನನ್ನ ಪ್ರಶ್ನೆ. ಅಮ್ಮನಿಗೆ 67. ಕಿವಿ ಚೆನ್ನಾಗಿಯೇ ಇದೆ, ಅಡುಗೆಮನೆಯಲ್ಲಿದ್ದರೂ ಗೇಟಿನ ಸದ್ದು ಕೇಳಿಸುತ್ತದೆ. ಆದರೆ ಸಿನಿಮಾ ನೋಡುವಾಗ ಎರಡು ನಿಮಿಷಕ್ಕೊಮ್ಮೆ "ಏನಂದ? ಏನಂದ?" ಅಂತ ಕೇಳುತ್ತಾಳೆ. ನಿಜ ಹೇಳಬೇಕೆಂದರೆ ನನಗೂ ಪೂರ್ತಿ ಕೇಳಿಸಿರುವುದಿಲ್ಲ. ಮ್ಯೂಸಿಕ್ ಬಂದು ಮಾತನ್ನು ನುಂಗಿ ಹಾಕುತ್ತದೆ. ನಿಮಗೂ ಹೀಗೆ ಆಗುತ್ತಾ? ಮುಂದೆ ಅಮ್ಮನಿಗೆ ಏನು ತೋರಿಸಲಿ?

ಕುಂದಾಪ್ರ ಮಾಣಿ
ಅಕ್ಕ, ಕಾಂತಾರದ ವಿಷಯಕ್ಕೆ ನಾನು ಒಪ್ಪುವುದಿಲ್ಲ. ಮೊದಲನೆಯದರ ಮುಖ್ಯ ಕಥೆ ನಡೆಯುವುದು 1990ರಲ್ಲಿ. ನಮ್ಮ ಅಪ್ಪನ ಕಾಲ. ಅದಕ್ಕೇ ಹತ್ತಿರ ಅನಿಸುತ್ತದೆ. ಚಾಪ್ಟರ್ 1 ಕದಂಬರ ಕಾಲದ ದಂತಕಥೆ. ದಂತಕಥೆಯನ್ನು ಅಜ್ಜಿ ಹೇಳುವಾಗಲೂ ದನಿ ಏರಿಸಿಯೇ ಹೇಳುತ್ತಿದ್ದಳು. ದೊಡ್ಡದಾಗಿಯೇ ಇರಬೇಕು.

ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ದೈವಕ್ಕೆ ಸೇವೆ ಕೊಡುತ್ತೇವೆ. ಗುಳಿಗ ದೈವ ಬಂದ ದೃಶ್ಯದಲ್ಲಿ ನನ್ನ ಪಕ್ಕ ಕೂತ ಹಿರಿಯರು ಚಪ್ಪಲಿ ಬಿಟ್ಟು ಕೈಮುಗಿದರು. ಅದನ್ನು ನೋಡಿ ನನ್ನ ಕಣ್ಣು ಒದ್ದೆಯಾಯಿತು. ಅದೇ ಥಿಯೇಟರಿನಲ್ಲಿ ಹಿಂದಿನ ಸಾಲಿನವರು ಯಾರೋ ದೈವದ ಕೂಗು ಹಾಕಿ ಕುಣಿದರು. ಅದು ತುಂಬಾ ನೋವಾಯಿತು. ಹಾಗೆ ಅನುಕರಣೆ ಮಾಡಬೇಡಿ ಅಂತ ಚಿತ್ರತಂಡವೇ ಕೇಳಿಕೊಂಡಿತ್ತು, ಆದರೂ ಬಿಡಲಿಲ್ಲ.

ರಾತ್ರಿ ಪಾಳಿ
ಸೈಡ್ ಬಿ ಬಗ್ಗೆ ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ.

ನೀಲಿ ಕೆಂಪು
ಸೈಡ್ ಬಿ ಬಗ್ಗೆ ಮೇಡಂ ಹೇಳಿದ್ದು ಪೂರ್ತಿ ತಪ್ಪು 🙂 ನಾಯಕ ಮನು ಮಾಡಿದ್ದು ಸರಿ ಅಂತ ಸಿನಿಮಾ ಎಲ್ಲಿ ಹೇಳುತ್ತದೆ? ಹತ್ತು ವರ್ಷ ಜೈಲಿನಲ್ಲಿ ಕೊಳೆತ ಮನುಷ್ಯ. ಇನ್ನೊಬ್ಬರು ಮಾಡಿದ ತಪ್ಪನ್ನು ದುಡ್ಡಿಗಾಗಿ ತಲೆಯ ಮೇಲೆ ಹೊತ್ತುಕೊಂಡು ಒಳಗೆ ಹೋದವನು. ಅವನಿಗೆ ಉಳಿದದ್ದು ಅವನು ಪ್ರೀತಿಸಿದ ಪ್ರಿಯಾಳ ದನಿ ಇರುವ ಒಂದು ಕ್ಯಾಸೆಟ್. ಹೊರಗೆ ಬಂದ ಮೇಲೂ ಅವನು ಇನ್ನೂ ಒಳಗೇ ಇದ್ದಾನೆ. ಅದನ್ನೇ ತೋರಿಸಿದ್ದಾರೆ. ಮೊದಲ ಭಾಗದಲ್ಲಿ ನೀಲಿ, ಎರಡನೆಯದರಲ್ಲಿ ಕೆಂಪು. ಬಣ್ಣವೇ ಹೇಳುತ್ತದಲ್ಲ, ಇದು ಪ್ರೇಮಕಥೆ ಅಲ್ಲ, ಗಾಯದ ಕಥೆ ಅಂತ.

ಸಾಗರದ ಮಗಳು
ನೀಲಿ ಕೆಂಪು ಅವರೇ, ಗಾಯ ಅಂತ ಒಪ್ಪುತ್ತೇನೆ. ಆದರೆ ಅವನು ಕದ್ದು ನೋಡುವಾಗಲೆಲ್ಲ ಹಿಂದೆ ಅಷ್ಟು ಸಿಹಿಯಾದ ಮ್ಯೂಸಿಕ್ ಯಾಕೆ? ಚರಣ್ ರಾಜ್ ಸಂಗೀತ ಕೇಳಿದರೆ ಯಾರ ಮನಸ್ಸಾದರೂ ಕರಗುತ್ತದೆ. ಸಿನಿಮಾ ಅವನ ಪಕ್ಷ ಹಿಡಿದಿದೆ ಅಂತ ಆ ಸಂಗೀತವೇ ಹೇಳುತ್ತದೆ. ಚೈತ್ರಾ ಆಚಾರ್ ಮಾಡಿದ ಸುರಭಿ ಪಾತ್ರ ನೋಡಿ. ಅವಳಿಗೆ ಆದ ಅನ್ಯಾಯವನ್ನು ಯಾರು ಲೆಕ್ಕಕ್ಕೆ ತೆಗೆದುಕೊಂಡರು?

ನೀಲಿ ಕೆಂಪು
ಸುರಭಿ ವಿಷಯದಲ್ಲಿ ನೀವು ಹೇಳಿದ್ದು ಸರಿ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಮಿಕ್ಸಿಂಗ್ ಮನೆ
ಸಾಗರದ ಅಕ್ಕನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ, ನಾನು ಕೊಡುತ್ತೇನೆ. ಸಿನಿಮಾ ಸೌಂಡ್ ಕೆಲಸದಲ್ಲಿ ಇರುವವನು.

ಥಿಯೇಟರಿನ ಸೌಂಡ್ ಪ್ರೊಸೆಸರ್‌ನಲ್ಲಿ ಸದ್ದು ಏರಿಸಿ ಇಳಿಸಲು ಫೇಡರ್ ಅಂತ ಇರುತ್ತದೆ. ಅದು 7ರಲ್ಲಿ ಇರುತ್ತದೆ ಅನ್ನುವ ಲೆಕ್ಕದಲ್ಲೇ ನಾವು ಸ್ಟುಡಿಯೋದಲ್ಲಿ ಮಿಕ್ಸ್ ಮಾಡುವುದು. ಫೈಟ್ ಜೋರಾಗಿ ಬಂದಾಗ ಕೆಲವರು ಹೋಗಿ ದೂರು ಹೇಳುತ್ತಾರೆ. ಥಿಯೇಟರಿನವರು 5ಕ್ಕೆ ಇಳಿಸುತ್ತಾರೆ, ಕೆಲವು ಕಡೆ ಇನ್ನೂ ಕೆಳಗೆ. ಆಮೇಲೆ ಯಾರೂ ವಾಪಸ್ ಏರಿಸುವುದಿಲ್ಲ. ಮೆಲ್ಲಗೆ ಆಡಿದ ಮಾತು ಅಲ್ಲೇ ಸತ್ತುಹೋಗುತ್ತದೆ. ಇಳಿಸುತ್ತಾರೆ ಅಂತ ಗೊತ್ತಿರುವುದರಿಂದ ಕೆಲವರು ಮಿಕ್ಸ್ ಮಾಡುವಾಗಲೇ ಎಲ್ಲವನ್ನೂ ಇನ್ನಷ್ಟು ಜೋರು ಮಾಡಿಸುತ್ತಾರೆ. ಅವರು ಏರಿಸಿದಷ್ಟೂ ಇವರು ಇಳಿಸುತ್ತಾರೆ. ಮಧ್ಯೆ ಒದ್ದಾಡುವುದು ಮಾತು.

ಮನೆಯ ಟಿವಿಯದು ಬೇರೆ ಕಥೆ. ಥಿಯೇಟರಿನಲ್ಲಿ ಮಾತು ಬರುವುದು ಪರದೆಯ ಹಿಂದೆ ನಡುವೆ ಇರುವ ಸ್ಪೀಕರಿನಿಂದ. ಮನೆಯಲ್ಲಿ ಆ ಸ್ಪೀಕರೇ ಇರುವುದಿಲ್ಲ. ಆರು ಸ್ಪೀಕರಿಗೆ ಅಂತ ಮಾಡಿದ 5.1 ಆಡಿಯೋವನ್ನು ಟಿವಿಯ ಎರಡು ಸಣ್ಣ ಸ್ಪೀಕರಿಗೆ ತುರುಕಿದಾಗ ಮಾತು ಅಡಿಗೆ ಹೋಗುತ್ತದೆ. ಹೀಗೆ ಮಾಡಿ: ಆಪ್‌ನ ಆಡಿಯೋ ಆಯ್ಕೆಯಲ್ಲಿ 5.1 ಬಿಟ್ಟು ಸ್ಟೀರಿಯೋ ಇದ್ದರೆ ಅದನ್ನು ಹಾಕಿ. ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಧ್ವನಿ ಸ್ಪಷ್ಟವಾಗಿಸುವ ಆಯ್ಕೆ ಒಂದಿರುತ್ತದೆ, ನ್ಯೂಸ್ ಮೋಡ್ ಅಂತಲೋ ಕ್ಲಿಯರ್ ವಾಯ್ಸ್ ಅಂತಲೋ ಹೆಸರು. ಅದನ್ನೂ ಹಾಕಿ ನೋಡಿ. ಟಿವಿ ಗೋಡೆಗೆ ಅಂಟಿದ್ದರೆ ಸ್ಪೀಕರ್ ಹಿಂದಕ್ಕೆ ಮುಖ ಮಾಡಿರಬಹುದು, ಸ್ವಲ್ಪ ಮುಂದಕ್ಕೆ ಎಳೆಯಿರಿ.

ಸಾಗರದ ಮಗಳು
ಇದು ನನಗೆ ಗೊತ್ತೇ ಇರಲಿಲ್ಲ! ಈ ಭಾನುವಾರವೇ ಮಾಡಿ ನೋಡುತ್ತೇನೆ. ತುಂಬಾ ಥ್ಯಾಂಕ್ಸ್ ಅಣ್ಣ.

ಗಿರಿಜಾ ಟೀಚರ್
ಇನ್ನೊಂದು ಮಾತು ಸೇರಿಸುತ್ತೇನೆ. ಕನ್ನಡ ಸಿನಿಮಾಕ್ಕೆ ಕನ್ನಡದಲ್ಲೇ ಸಬ್‌ಟೈಟಲ್ ಯಾಕೆ ಇಲ್ಲ? ನಾನು ನೋಡಿದ ಹೆಚ್ಚಿನ ಸಿನಿಮಾಗಳಿಗೆ ಇಂಗ್ಲಿಷ್ ಮಾತ್ರ ಇತ್ತು. ನನ್ನ ತಂಗಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಕನ್ನಡ ಚೆನ್ನಾಗಿ ಓದುತ್ತಾಳೆ, ಇಂಗ್ಲಿಷ್ ಬರುವುದಿಲ್ಲ. ನಾನು ಪಕ್ಕದಲ್ಲಿ ಕೂತು ಸನ್ನೆ ಮಾಡುತ್ತಾ, ಚೀಟಿ ಬರೆಯುತ್ತಾ ಸಿನಿಮಾ ತೋರಿಸುತ್ತೇನೆ. ಸು ಫ್ರಮ್ ಸೋ ಹಾಗೆ ನೋಡಲು ನಾಲ್ಕು ಗಂಟೆ ಹಿಡಿಯಿತು. ಅವಳಿಗೆ ಎಲ್ಲ ನಗುವೂ ಅರ್ಧ ನಿಮಿಷ ತಡವಾಗಿ ಬರುತ್ತಿತ್ತು.

ಕುಂದಾಪ್ರ ಮಾಣಿ
ಟೀಚರ್, ಇದು ದೊಡ್ಡ ಮಾತು. ನಮ್ಮ ಕರಾವಳಿ ಮಾತು ಅರ್ಥ ಆಗುವುದಿಲ್ಲ ಅನ್ನುವ ಬಯಲುಸೀಮೆಯವರಿಗೂ ಕನ್ನಡ ಅಕ್ಷರ ಕೆಳಗೆ ಬಂದರೆ ಅನುಕೂಲ.

ದುರ್ಗದಬೈಲ್
ಕರಾವಳಿ ಅಂದಿರಲ್ಲ, ಈಗ ನಾನು ಮಾತಾಡುತ್ತೇನೆ. ಚೆನ್ನಾಗಿರುವ ಸಿನಿಮಾ ಅಂದರೆ ಒಂದು ಕರಾವಳಿ, ಇಲ್ಲ ಮಲೆನಾಡು. ಮಳೆ ಬರಬೇಕು, ಹೆಂಚಿನ ಮನೆ ಇರಬೇಕು. ನಮ್ಮ ಹುಬ್ಬಳ್ಳಿ, ವಿಜಯಪುರ, ಕಲಬುರಗಿ ಎಲ್ಲಿ ಹೋದವು ಸರ? ನಮ್ಮ ಭಾಷೆ ಬಂದರೆ ಅದು ಕಾಮಿಡಿ ಪಾತ್ರಕ್ಕೆ, ಇಲ್ಲ ರೌಡಿಗೆ. ನಮ್ಮಲ್ಲಿ ಅಳುವವರು, ಪ್ರೀತಿ ಮಾಡುವವರು ಇಲ್ಲೇನು?

ಒಂದು ಸಿನಿಮಾ ಮಾತ್ರ ನನ್ನ ಎದೆಗೆ ತಾಗಿತು. ಫೋಟೋ, 2024ರಲ್ಲಿ ಬಂತು, ಉತ್ಸವ್ ಗೋನವಾರ್ ನಿರ್ದೇಶನ. ರಾಯಚೂರು ಕಡೆಯ ಸಣ್ಣ ಹುಡುಗನಿಗೆ ವಿಧಾನಸೌಧದ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳುವ ಆಸೆ. ಅಪ್ಪ ಬೆಂಗಳೂರಿನಲ್ಲಿ ಕೂಲಿ. ಹುಡುಗ ಹೋಗುತ್ತಾನೆ, ಲಾಕ್‌ಡೌನ್ ಆಗುತ್ತದೆ. ವಾಪಸ್ ನಡಕೊಂಡೇ ಊರಿಗೆ ಹೊರಡುತ್ತಾರೆ. ಅಷ್ಟೇ ಕಥೆ. ನಮ್ಮ ಓಣಿಯಲ್ಲೇ ಹಾಗೆ ನಡೆದು ಬಂದವರಿದ್ದಾರೆ. ಅವರ ಕಾಲಿನ ಬೊಬ್ಬೆಗೆ ನನ್ನ ಅವ್ವ ಎಣ್ಣೆ ಹಚ್ಚಿದ್ದಳು. ಸಿನಿಮಾ ನೋಡಿ ಎರಡು ದಿನ ಊಟ ಸೇರಲಿಲ್ಲ.

ರಾತ್ರಿ ಪಾಳಿ
ಫೋಟೋ ನಾನೂ ನೋಡಿದ್ದೇನೆ. ಯಾರೂ ಅದರ ಬಗ್ಗೆ ಮಾತಾಡುವುದೇ ಇಲ್ಲ ಅನ್ನುವ ಸಂಕಟ ನನಗೂ ಇದೆ.

ಮಂಡ್ಯ ಗಾಡಿ
ಬಯಲುಸೀಮೆಗೆ ತಿಥಿ ಸಿನಿಮಾ ಇದೆಯಲ್ಲ ಗುರು! ಹಳೆಯದು ನಿಜ, ಆದರೆ ಇವತ್ತಿಗೂ ಅದರ ಪಕ್ಕ ನಿಲ್ಲುವುದು ಕಮ್ಮಿ. ನಟರೇ ಇಲ್ಲ, ಎಲ್ಲ ಊರಿನ ಜನ. ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ 2015ರಲ್ಲಿ ಪ್ರಶಸ್ತಿ ಬಂತು. ಗಡ್ಡಪ್ಪ ಬೀಡಿ ಸೇದುತ್ತಾ ನಡೆದುಹೋಗುವುದನ್ನು ನೋಡಿದರೆ ಸಾಕು, ನಮ್ಮ ತಾತ ಎದ್ದು ಬಂದ ಹಾಗಿರುತ್ತದೆ.

ದುರ್ಗದಬೈಲ್
ತಿಥಿ ಚೆನ್ನಾಗಿದೆ. ಆದರೆ ಅದು ಮಂಡ್ಯ. ನಾನು ಕೇಳಿದ್ದು ತುಂಗಭದ್ರೆಯ ಆಚೆ ಕಡೆಯದು.

ವಿಜಯನಗರ ಬಸ್ ಸ್ಟ್ಯಾಂಡ್
ಸಿನಿಮಾ ಚೆನ್ನಾಗಿದೆ ಅಂತ ನಮಗೆ ಗೊತ್ತಾಗುವ ಹೊತ್ತಿಗೆ ಥಿಯೇಟರಿನಿಂದ ತೆಗೆದಿರುತ್ತಾರೆ. ನಾಲ್ಕು ಜನರ ಮನೆ ನಮ್ಮದು. ಟಿಕೆಟ್, ಪಾಪ್‌ಕಾರ್ನ್, ಪಾರ್ಕಿಂಗ್ ಎಲ್ಲ ಸೇರಿ ಎರಡು ಸಾವಿರ ಹತ್ತಿರ ಆಗುತ್ತದೆ. ದುಡ್ಡು ಕೊಟ್ಟು ಯಾವುದೋ ಗೊತ್ತಿಲ್ಲದ ಹೊಸಬರ ಸಿನಿಮಾಕ್ಕೆ ಧೈರ್ಯ ಮಾಡಿ ಹೋಗುವುದು ಹೇಗೆ? ಈಗ ಟಿಕೆಟ್ 200 ರೂಪಾಯಿ ಅಂತ ಸರ್ಕಾರ ಮಾಡಿದೆಯಲ್ಲ, ಅದು ಒಳ್ಳೆಯದಾಯಿತು.

ಲಾ ಕಾಲೇಜು
ಸರ್, ಸಣ್ಣ ತಿದ್ದುಪಡಿ. 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಆದೇಶ ಹೊರಡಿಸಿದ್ದು ನಿಜ, 200 ರೂಪಾಯಿ ಮಿತಿ, ತೆರಿಗೆ ಬೇರೆ. 75 ಅಥವಾ ಅದಕ್ಕಿಂತ ಕಡಿಮೆ ಸೀಟಿನ ಪ್ರೀಮಿಯಂ ಪರದೆಗಳಿಗೆ ವಿನಾಯಿತಿ ಇತ್ತು. ಆದರೆ ಅದೇ ತಿಂಗಳು ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. ಹಾಗಾಗಿ ಕಾಂತಾರ ಚಾಪ್ಟರ್ 1 ಬಂದಾಗ ನಾವೆಲ್ಲ ಹಳೆಯ ದರದಲ್ಲೇ ನೋಡಿದ್ದು.

ವಿಜಯನಗರ ಬಸ್ ಸ್ಟ್ಯಾಂಡ್
ಓ, ಅದಕ್ಕೇ. ಕೌಂಟರಿನಲ್ಲಿ ಕೇಳಿದರೆ ಸುಮ್ನೆ ತಲೆ ಅಲ್ಲಾಡಿಸಿದರು.

ಶೆಟ್ಟರ ಅಂಗಡಿ
ಹೊಸಬರ ಸಿನಿಮಾಕ್ಕೆ ಜನ ಹೋಗುವುದಿಲ್ಲ ಅಂದರೆ ಸು ಫ್ರಮ್ ಸೋ ನೂರು ಕೋಟಿ ದಾಟಿದ್ದು ಹೇಗೆ? ಜೆ.ಪಿ. ತುಮಿನಾಡು ಹೆಸರು ಅದಕ್ಕೆ ಮೊದಲು ಎಷ್ಟು ಜನಕ್ಕೆ ಗೊತ್ತಿತ್ತು? ಬಿಡುಗಡೆಗೆ ಮೊದಲೇ ಮಂಗಳೂರು, ಶಿವಮೊಗ್ಗ, ಮೈಸೂರಿನಲ್ಲಿ ಟಿಕೆಟ್ ಇಟ್ಟು ಪ್ರೀಮಿಯರ್ ತೋರಿಸಿದರು. ನೋಡಿದವರು ಬಂದು ನಮ್ಮ ಅಂಗಡಿಯಲ್ಲಿ ಕಥೆ ಹೇಳದೆ ನಗು ಮಾತ್ರ ಹೇಳಿದರು. ನಾನು ಅಂಗಡಿ ಮುಚ್ಚಿ ಹೋದೆ. ಭಾವ ಅನ್ನುವ ಪಾತ್ರ ಬರುವ ದೃಶ್ಯಕ್ಕೆ ಇಡೀ ಥಿಯೇಟರ್ ಎದ್ದು ಕೂಗಿತು. ಬಾಯಿಂದ ಬಾಯಿಗೆ ಹೋಗುವ ಮಾತಿಗಿಂತ ದೊಡ್ಡ ಪೋಸ್ಟರ್ ಇಲ್ಲ.

ರಾತ್ರಿ ಪಾಳಿ
ಸೆಕೆಂಡ್ ಹಾಫ್ ಸ್ವಲ್ಪ ಎಳೆಯಿತು ಅಲ್ವಾ? ಭಾನು ಬಂದ ಮೇಲೆ ನಗು ಕಮ್ಮಿ ಆಯಿತು.

ಗಿರಿಜಾ ಟೀಚರ್
ನಗು ಕಮ್ಮಿ ಆಗಲೇಬೇಕಿತ್ತು. ಅಲ್ಲಿಯವರೆಗೆ ಸುಲೋಚನಾ ಅಂದರೆ ಊರಿಗೆಲ್ಲ ಒಂದು ದೆವ್ವ, ಒಂದು ತಮಾಷೆ. ಮಗಳು ಭಾನು ಬಂದು ನಿಂತಾಗ ಗೊತ್ತಾಗುತ್ತದೆ, ಅವಳೂ ಒಬ್ಬಳು ತಾಯಿ, ಬದುಕಿದ್ದ ಹೆಂಗಸು ಅಂತ. ಹೆಸರನ್ನು ತಮಾಷೆಗೆ ಬಳಸಿದ ಊರು ಆ ಮಗಳ ಪರ ನಿಲ್ಲುತ್ತದಾ ಅನ್ನುವುದೇ ಕಥೆ. ಅದಿಲ್ಲದಿದ್ದರೆ ಬರೀ ಜೋಕ್ ಆಗುತ್ತಿತ್ತು.

ಸಾಗರದ ಮಗಳು
ಟೀಚರ್, ಇದನ್ನೇ ನಾನು ಹೇಳಬೇಕು ಅಂದುಕೊಂಡಿದ್ದು, ಮಾತು ಸಿಕ್ಕಿರಲಿಲ್ಲ. ಅಮ್ಮ ಎರಡನೇ ಸಲ ನೋಡುವಾಗ ಭಾನು ಬಂದ ಕೂಡಲೇ ನನ್ನ ಕೈ ಹಿಡಿದುಕೊಂಡಳು.

ಸಂಜೆ ಏಳು ಗಂಟೆ
ಎಲ್ಲರೂ ಸಿನಿಮಾ ಸಿನಿಮಾ ಅನ್ನುತ್ತೀರಿ. ನಮ್ಮ ಅತ್ತೆ ದಿನಾ ನೋಡುವುದು ಧಾರಾವಾಹಿ. ಅದನ್ನು ಕಂಡರೆ ಮೂಗು ಮುರಿಯುವವರು ಜಾಸ್ತಿ. ನನ್ನ ಅಭಿಪ್ರಾಯ ಹೇಳುತ್ತೇನೆ: ಅಮೃತಧಾರೆಯಲ್ಲಿ ರಾಜೇಶ್ ನಟರಂಗ, ಛಾಯಾ ಸಿಂಗ್ ಮಾಡಿದಷ್ಟು ಹದವಾದ ನಟನೆ ಎಷ್ಟೋ ಸಿನಿಮಾಗಳಲ್ಲಿ ಇಲ್ಲ. ವಯಸ್ಸು ಮೀರಿ ಮದುವೆಯಾದ ಇಬ್ಬರು, ಒಬ್ಬರಿಗೊಬ್ಬರು ನಿಧಾನಕ್ಕೆ ಹೊಂದಿಕೊಳ್ಳುವುದು. ಶುರುವಿನ ತಿಂಗಳುಗಳಲ್ಲಿ ಅವರು ಸುಮ್ಮನೆ ಎದುರುಬದುರು ಕೂತರೂ ನೋಡಬೇಕು ಅನಿಸುತ್ತಿತ್ತು. ಆಮೇಲೆ ಮಲತಾಯಿ ಸಂಚು, ಆ ಸಂಚು, ಈ ಸಂಚು ಅಂತ ಹಿಗ್ಗಿಸಿದರು. ಅಲ್ಲಿ ನನಗೆ ಬೇಸರ ಬಂತು. ಅತ್ತೆಗೆ ಬರಲಿಲ್ಲ.

ಮಂಡ್ಯ ಗಾಡಿ
ಅಮೃತಧಾರೆ ಹಿಂದಿಯಿಂದ ಬಂದಿದ್ದು ಅಲ್ವಾ?

ಸಂಜೆ ಏಳು ಗಂಟೆ
ಹೌದು, ಮೂಲ ಹಿಂದಿಯದೇ. ಅದೇ ನನ್ನ ದೂರು ಕೂಡ. ಟಿ.ಎನ್. ಸೀತಾರಾಂ ಅವರ ಮಾಯಾಮೃಗ ಬರುತ್ತಿದ್ದಾಗ ಸಂಜೆ ನಮ್ಮ ಬೀದಿ ಖಾಲಿ ಆಗುತ್ತಿತ್ತು. ಅದರಲ್ಲಿ ಆಫೀಸಿನ ಕಷ್ಟ ಇತ್ತು, ಮನೆ ಬಾಡಿಗೆಯ ಮಾತಿತ್ತು. ಈಗ ಧಾರಾವಾಹಿಯಲ್ಲಿ ಯಾರಾದರೂ ತರಕಾರಿ ರೇಟು ಮಾತಾಡುವುದನ್ನು ಕೇಳಿದ್ದೀರಾ?

ರಾತ್ರಿ ಪಾಳಿ
ಧಾರಾವಾಹಿ ಮಾತ್ರ ಹಿಗ್ಗಿಸುತ್ತದೆ ಅಂತಲ್ಲ. ಹಿಂದಿಯ ಪಂಚಾಯತ್ ಸೀರೀಸಿನ ನಾಲ್ಕನೇ ಸೀಸನ್ ನೋಡಿ. ಮೊದಲ ಎರಡು ಸೀಸನ್ನಿನ ಸುಖವೇ ಇಲ್ಲ. ಇಡೀ ಸೀಸನ್ ಊರಿನ ಪಂಚಾಯತಿ ಮುಖ್ಯಸ್ಥರ ಚುನಾವಣೆಯ ಕಿತ್ತಾಟ. ಮೊದಲು ಒಂದು ಕಂತಿಗೆ ಒಂದು ಸಣ್ಣ ವಿಷಯ ಇರುತ್ತಿತ್ತು, ಒಂದು ಕುರ್ಚಿ, ಒಂದು ಕಳುವಾದ ಮಾನಿಟರ್. ಆ ಸಣ್ಣತನವೇ ಅದರ ಚೆಂದ.

ಅದೇ 2025ರಲ್ಲಿ ಬಂದ ಇಂಗ್ಲಿಷಿನ ಅಡೋಲೆಸೆನ್ಸ್ ನಾಲ್ಕೇ ಕಂತು. ಒಂದೊಂದು ಕಂತೂ ಎಲ್ಲೂ ಕತ್ತರಿಸದ ಒಂದೇ ಶಾಟ್. ಮೂರನೆಯದರಲ್ಲಿ ಒಂದು ಕೋಣೆ, ಒಬ್ಬ ಹುಡುಗ, ಮಾತಾಡಿಸಲು ಬಂದ ಒಬ್ಬರು ಮನಶ್ಶಾಸ್ತ್ರಜ್ಞೆ. ನನಗೆ ಹದಿಮೂರು ವರ್ಷದ ಮಗ ಇದ್ದಾನೆ. ಮುಗಿದ ಮೇಲೆ ಅವನ ರೂಮಿಗೆ ಹೋಗಿ ಅವನು ಮಲಗಿದ್ದನ್ನು ನೋಡುತ್ತಾ ಸುಮಾರು ಹೊತ್ತು ನಿಂತಿದ್ದೆ.

ಕೊಳ್ಳೇಗಾಲ ಟು ಕೋರಮಂಗಲ
ನಮ್ಮ ಬೆಂಗಳೂರನ್ನು ಮಲಯಾಳದವರು ತೋರಿಸುತ್ತಿದ್ದಾರೆ, ಕನ್ನಡದವರು ತೋರಿಸುತ್ತಿಲ್ಲ ಅನ್ನುವುದು ನನ್ನ ಕೊರಗು. ಆವೇಶಂ ಬೆಂಗಳೂರು, ಲೋಕಃ ಬೆಂಗಳೂರು. ಲೋಕಃದಲ್ಲಿ ಇಲ್ಲಿನ ಹುಡುಗಿಯರ ಬಗ್ಗೆ ಬಂದ ಒಂದು ಮಾತಿಗೆ ಕ್ಷಮೆ ಕೇಳಿದರು, ಅದು ಸರಿ. ಆದರೆ ಪಿಜಿಯಲ್ಲಿ ಇರುವ ಹುಡುಗ, ಡೆಲಿವರಿ ಮಾಡುವ ಹುಡುಗ, ರಾತ್ರಿ ಕ್ಯಾಬ್ ಓಡಿಸುವ ನಮ್ಮ ಕಡೆಯ ಅಣ್ಣ, ಇವರ ಕಥೆಯನ್ನು ನಾವಲ್ಲದೆ ಇನ್ಯಾರು ಹೇಳಬೇಕು?

ಕುಂದಾಪ್ರ ಮಾಣಿ
ಅಣ್ಣ, ಸಪ್ತ ಸಾಗರದ ಮನು ಕ್ಯಾಬ್ ಅಲ್ಲದಿದ್ದರೂ ಡ್ರೈವರೇ ಆಗಿದ್ದ, ಬೆಂಗಳೂರಿನಲ್ಲೇ. ಸುಮ್ನೆ ನೆನಪಾಯಿತು.

ಮೆಲ್ಬರ್ನ್ ಮನೆ
ನಾವು ದೂರದಲ್ಲಿ ಇರುವವರು. ಇಲ್ಲಿ ಕನ್ನಡ ಸಿನಿಮಾ ಅಂದರೆ ವಾರಾಂತ್ಯಕ್ಕೆ ಒಂದೋ ಎರಡೋ ಶೋ. ನಲವತ್ತು ನಿಮಿಷ ಡ್ರೈವ್ ಮಾಡಿ ಹೋಗುತ್ತೇವೆ. ಶೋ ಮುಗಿದ ಮೇಲೆ ಪಾರ್ಕಿಂಗ್‌ನಲ್ಲಿ ಒಂದು ಗಂಟೆ ಕನ್ನಡದಲ್ಲಿ ಮಾತಾಡಿಕೊಂಡು ನಿಲ್ಲುವುದೂ ನಮಗೆ ಸಿನಿಮಾದ ಭಾಗವೇ.

ಏಕಂ ಸೀರೀಸ್ ಯಾರೂ ಹೇಳಲಿಲ್ಲವಲ್ಲ? ಏಳು ಕಥೆಗಳು, ಎಲ್ಲ ಕರಾವಳಿಯವು. ಯಾವ ದೊಡ್ಡ ಆಪ್ ಕೂಡ ತೆಗೆದುಕೊಳ್ಳಲಿಲ್ಲ. ಕೊನೆಗೆ 2024ರ ಜುಲೈನಲ್ಲಿ ರಕ್ಷಿತ್ ಶೆಟ್ಟಿ ಅವರ ತಂಡ ತಮ್ಮದೇ ವೆಬ್‌ಸೈಟ್ ಮಾಡಿ ಹಾಕಿತು. ನಾನು ಮೊದಲ ದಿನವೇ ಹಣ ಕಟ್ಟಿ ನೋಡಿದೆ. ಎಲ್ಲ ಕಥೆಯೂ ಒಂದೇ ಮಟ್ಟದಲ್ಲಿಲ್ಲ, ಎರಡು ನನಗೆ ಹಿಡಿಸಲೇ ಇಲ್ಲ. ಆದರೂ ಕನ್ನಡದಲ್ಲಿ ಯಾರೋ ಇಷ್ಟು ಕಷ್ಟಪಟ್ಟು ಮಾಡಿದ್ದನ್ನು ನಾವೇ ನೋಡದಿದ್ದರೆ ಇನ್ನೊಂದು ಸಲ ಯಾರು ಮಾಡುತ್ತಾರೆ?

ಶೆಟ್ಟರ ಅಂಗಡಿ
ಅಭಿಮಾನಕ್ಕೆ ನೋಡಿ ಅನ್ನುವುದನ್ನು ನಾನು ಒಪ್ಪುವುದಿಲ್ಲ ಸರ್. ಚೆನ್ನಾಗಿದ್ದರೆ ನೋಡುತ್ತೇವೆ. ಗಿರಾಕಿಗೆ ಕನ್ನಡದ ಅಕ್ಕಿ ಅಂತ ಹೇಳಿ ಕಲ್ಲಿರುವ ಅಕ್ಕಿ ಕೊಡಲಿಕ್ಕಾಗುತ್ತದಾ?

ಮೆಲ್ಬರ್ನ್ ಮನೆ
ಕಲ್ಲಿರುವ ಅಕ್ಕಿ ಕೊಡಿ ಅಂತ ನಾನು ಹೇಳಲಿಲ್ಲ. ಅಂಗಡಿಯಲ್ಲಿ ಇಡಲೇ ಇಲ್ಲ ಅಂತ ಹೇಳಿದೆ. ಇಟ್ಟರೆ ತಾನೇ ಗಿರಾಕಿ ಆರಿಸುವುದು?

ಶೆಟ್ಟರ ಅಂಗಡಿ
ಅದು ನ್ಯಾಯ.

ತೀರ್ಥಹಳ್ಳಿ ಮಳೆ
ಸಾಗರದ ಅಕ್ಕ, ಅಮ್ಮನಿಗೆ ಶಾಖಾಹಾರಿ ತೋರಿಸಿ. ನಮ್ಮ ತೀರ್ಥಹಳ್ಳಿ ಕಡೆಯ ಒಂದು ಸಸ್ಯಾಹಾರಿ ಹೋಟೆಲು, ಅದರ ಭಟ್ಟ ಸುಬ್ಬಣ್ಣ. ರಂಗಾಯಣ ರಘು ಅವರನ್ನು ಎಷ್ಟೋ ಸಿನಿಮಾದಲ್ಲಿ ಬರೀ ಕಿರುಚಾಡಿಸಿದ್ದಾರೆ. ಇಲ್ಲಿ ಅವರು ದನಿ ಏರಿಸುವುದೇ ಇಲ್ಲ. ಹಿಟ್ಟು ಕಲೆಸುವ ಕೈ, ಬಗ್ಗಿದ ಬೆನ್ನು, ಅಷ್ಟರಲ್ಲೇ ಅವರ ಇಡೀ ಒಂಟಿತನ ಕಾಣುತ್ತದೆ. ಗೋಪಾಲಕೃಷ್ಣ ದೇಶಪಾಂಡೆ ಇನ್ಸ್‌ಪೆಕ್ಟರ್, ಅವರೂ ಅಷ್ಟೇ ಚೆನ್ನಾಗಿ ಮಾಡಿದ್ದಾರೆ. ಕೊಲೆಯ ವಿಷಯ ಬರುತ್ತದೆ, ಅಮ್ಮನಿಗೆ ಮೊದಲೇ ಹೇಳಿರಿ. ಅದು ಹಿಡಿಸಿದರೆ ರಘು ಅವರದ್ದೇ ಅಜ್ಞಾತವಾಸಿ ನೋಡಿ. ಮಲೆನಾಡಿನ ಪೊಲೀಸ್ ಠಾಣೆ, ಊರಿಗೆ ಮೊದಲ ಕಂಪ್ಯೂಟರ್ ಬರುವ ಕಾಲ. ನಿಧಾನ ಇದೆ, ಆದರೆ ಮಳೆಗಾಲದ ನಿಧಾನ.

ಕುಂದಾಪ್ರ ಮಾಣಿ
ಡೇರ್‌ಡೆವಿಲ್ ಮುಸ್ತಫಾ ಕೂಡ ಸೇರಿಸಿ. ತೇಜಸ್ವಿ ಕಥೆ, ಅವರ ಓದುಗರೇ ದುಡ್ಡು ಹಾಕಿ ಮಾಡಿಸಿದ್ದು. ಅಮ್ಮ ನಗುತ್ತಾರೆ, ಗ್ಯಾರಂಟಿ.

ಮತ್ತೆ ಅಕ್ಕ, ಒಂದು ಒಪ್ಪಿಕೊಳ್ಳಬೇಕು. ನೀವು ಹೊಗಳಿದ ಮೊದಲ ಕಾಂತಾರದಲ್ಲಿ ಶಿವ ಲೀಲಾಳ ಸೊಂಟ ಚಿವುಟುವ ದೃಶ್ಯ ಇದೆಯಲ್ಲ, ಅದು ನನ್ನ ತಂಗಿಯ ಪಕ್ಕ ಕೂತು ನೋಡುವಾಗ ತುಂಬಾ ಮುಜುಗರ ಆಗಿತ್ತು.

ಸಾಗರದ ಮಗಳು
ಹೌದು ತಮ್ಮ, ಅದು ನನಗೂ ಚುಚ್ಚಿತು. ಮನು ಬಗ್ಗೆ ಅಷ್ಟು ಬರೆದು ಶಿವನ ಬಗ್ಗೆ ಬರೆಯದೆ ಬಿಟ್ಟಿದ್ದು ನನ್ನ ತಪ್ಪು.

ಸಾಗರದ ಮಗಳು
ಭಾನುವಾರ ರಾತ್ರಿ ಬರೆಯುತ್ತಿದ್ದೇನೆ. ಮಿಕ್ಸಿಂಗ್ ಮನೆ ಅಣ್ಣ ಹೇಳಿದ ಹಾಗೆ ಸ್ಟೀರಿಯೋ ಹಾಕಿದೆ, ಟಿವಿಯಲ್ಲಿ ಧ್ವನಿಯ ಆಯ್ಕೆ ಬದಲಾಯಿಸಿದೆ, ಟಿವಿಯನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದೆ. ಆಮೇಲೆ ಶಾಖಾಹಾರಿ ಹಾಕಿದೆ.

ಅಮ್ಮ ಸೋಫಾ ಬಿಟ್ಟು ಕೆಳಗೆ ಚಾಪೆಯ ಮೇಲೆ ಕೂತು, ಬಟಾಣಿ ಬಿಡಿಸುತ್ತಾ ನೋಡಿದಳು. ಸುಬ್ಬಣ್ಣನ ಅಡುಗೆಮನೆ ಬಂದಾಗ "ನಿನ್ನ ಅಪ್ಪ ಕಾಫಿ ಕುಡಿಯುತ್ತಿದ್ದ ಹೋಟೆಲೂ ಹೀಗೇ ಇತ್ತು" ಅಂದಳು. ಅರ್ಧಕ್ಕೆ ಬರುವ ಹೊತ್ತಿಗೆ ಬಟಾಣಿ ಮರೆತು ಕೂತಿದ್ದಳು. ಇಡೀ ಸಿನಿಮಾದಲ್ಲಿ "ಏನಂದ?" ಅಂತ ಒಂದು ಸಲವೂ ಕೇಳಲಿಲ್ಲ.

ಮುಂದಿನ ಭಾನುವಾರ ಫೋಟೋ. ದುರ್ಗದಬೈಲ್ ಅಣ್ಣ, ಅದು ಈಗ ಎಲ್ಲಿ ನೋಡಲು ಸಿಗುತ್ತದೆ ಅಂತ ಗೊತ್ತಿದ್ದರೆ ಹೇಳಿ.